ಗಿಡ್ಡಿಯೂ ನವರತ್ನದ ಜಪಮಾಲೆಯೂ

ತರೀಕೆರೆಯಲ್ಲಿ ಟೈಲರ್ ಜಯದೇವಪ್ಪನ ಮಾತನ್ನು ಕೇಳುವವರು ಯಾರೂ ಇರಲಿಲ್ಲ. ಹಂಗಿಸುವುದಕ್ಕೆಂದು ಹೇಳುತ್ತಿಲ್ಲ. ಅವನ ಅಂಗಡಿಯ ಪಕ್ಕದಲ್ಲೇ ನನ್ನ ಸೈಕಲ್ ಶಾಪು. ಹನ್ನೊಂದು ವರ್ಷ ಅಲ್ಲಿ ಪಂಕ್ಚರ್ ಹಾಕುತ್ತಾ ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದೇನೆ. ಆಗ ಬೆಲ್ ಬಾಟಮ್ ಪ್ಯಾಂಟಿನ ಕಾಲ. "ಇಪ್ಪತ್ತೆಂಟು ಇಂಚು ಇಟ್ರೆ ಕಾಲಿಗೆ ಸಿಕ್ಕಾಕ್ಕಂಡು ಬೀಳ್ತೀಯಪ್ಪ, ಇಪ್ಪತ್ನಾಲ್ಕು ಸಾಕು" ಎಂದು ಜಯದೇವಪ್ಪ ಹೇಳುವನು. ಹುಡುಗರು ಮೂವತ್ತು ಇಡಿಸಿಕೊಂಡು ಹೋಗುವರು, ಬಸ್‌ಸ್ಟ್ಯಾಂಡಿನ ಮೆಟ್ಟಿಲ ಮೇಲೆ ಬೀಳುವರು, ಎದ್ದು ಬಂದು ಜಯದೇವಪ್ಪನನ್ನೇ ಬೈಯುವರು. ಹೋಟೆಲಿನಲ್ಲಿ ಅವನು ಕಾಫಿ ಕೇಳಿದರೆ ಟೀ ಬರುತ್ತಿತ್ತು. ಬೇಡ ಎಂದರೆ ಎರಡು ಟೀ ಬರುತ್ತಿತ್ತು.

ಮನೆಯಲ್ಲಿಯೂ ಇದೇ ಪಾಡು. ಅವನ ಹೆಂಡತಿ ಪಂಕಜಾಕ್ಷಿ ಒಳ್ಳೆಯವಳು, ಆದರೆ ಗಂಡ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಅವಳಿಗೆ ಒಗ್ಗರಣೆ ಹಾಕುವ ಕೆಲಸ ಇರುತ್ತಿತ್ತು. ಇನ್ನು ಉಳಿದದ್ದು ಎಮ್ಮೆ. ಯಗಟಿಯ ತವರಿನಿಂದ ಪಂಕಜಾಕ್ಷಿಯ ಜೊತೆ ಕರುವಾಗಿ ಬಂದದ್ದರ ಮಗಳು ಅದು, ಹೆಸರು ಗಿಡ್ಡಿ. ಜಯದೇವಪ್ಪ "ಬಾ" ಎಂದರೆ ಅದು ಕೂರುತ್ತಿತ್ತು. ಪಂಕಜಾಕ್ಷಿ ಕೆಚ್ಚಲ ಹತ್ತಿರ ಕೂತು ಬೀದಿಯ ಸುದ್ದಿಯೆಲ್ಲ ಹೇಳುತ್ತಾ ಕರೆದರೆ ಮಾತ್ರ ಹೊತ್ತಿಗೆ ಮೂರು ಸೇರು ಹಾಲು. ಬೇರೆ ಯಾರು ಕೈಯಿಟ್ಟರೂ ಒಂದು ತೊಟ್ಟೂ ಇಲ್ಲ. ಗಿಡ್ಡಿಗೆ ಒಮ್ಮೆ ಹೊಟ್ಟೆಯುಬ್ಬರ ಬಂದಾಗ ಪಂಕಜಾಕ್ಷಿ ಎರಡು ದಿನ ಕೊಟ್ಟಿಗೆಯಲ್ಲೇ ಚಾಪೆ ಹಾಸಿಕೊಂಡವಳು. ಮಕ್ಕಳಿಲ್ಲದ ಮನೆ, ಇಷ್ಟು ಹೇಳಿದರೆ ಸಾಕು.

ಹೀಗಿರುವಾಗ ಜಯದೇವಪ್ಪ ಗುಂಡಿ, ದಾರ ತರಲು ಕಡೂರಿಗೆ ಹೋಗಿ ರೈಲಿನಲ್ಲಿ ವಾಪಸು ಬರುತ್ತಿದ್ದ. ಬೀರೂರಿನಲ್ಲಿ ಒಬ್ಬ ರತ್ನದ ವ್ಯಾಪಾರಿ ಹತ್ತಿದ. ಕಪ್ಪು ಪೆಟ್ಟಿಗೆ, ಕಾವಿ ಅಂಗಿ, ಕಾಲಿಗೆ ಬೂಟು. ಜಯದೇವಪ್ಪನ ಪಕ್ಕದಲ್ಲಿ ಒತ್ತಿಕೊಂಡು ಕೂತ. "ಸ್ವಲ್ಪ ಸರ್ಕಳ್ರಿ" ಎಂದು ಜಯದೇವಪ್ಪ ಮೂರು ಸಲ ಹೇಳಿದ. ವ್ಯಾಪಾರಿ ಸರಿಯಲಿಲ್ಲ. ಆಮೇಲೆ ಅವನ ಮುಖವನ್ನೇ ದಿಟ್ಟಿಸಿ ನೋಡಿ, "ನಿಮ್ಮ ಮಾತಿಗೆ ತೂಕ ಇಲ್ಲ, ಅಲ್ಲವೇ?" ಎಂದ. ಜಯದೇವಪ್ಪ ಬೆವರಿಹೋದ. ಯಾರಿಗೂ ಹೇಳಿಕೊಳ್ಳದ ಸಂಗತಿ ಈ ಪುಣ್ಯಾತ್ಮನಿಗೆ ಹೇಗೆ ಗೊತ್ತಾಯಿತು?

ಪೆಟ್ಟಿಗೆಯಿಂದ ನವರತ್ನದ ಜಪಮಾಲೆ ಹೊರಗೆ ಬಂತು. ಕೆಂಪು, ಪಚ್ಚೆ, ಹವಳ, ಮುತ್ತು, ನೀಲ ಎಂದು ಒಂಬತ್ತು ಜಾತಿಯ ಕಲ್ಲು, ಜಾತಿಗೆ ಹನ್ನೆರಡರಂತೆ ನೂರೆಂಟು ಮಣಿ. "ವಜ್ರದ ಜಾಗಕ್ಕೆ ಸ್ಫಟಿಕ ಹಾಕಿದ್ದೇನೆ. ವಜ್ರವನ್ನೇ ಹಾಕಬಹುದಿತ್ತು, ಸುಮ್ಮನೆ ನಿಮಗೆ ಪೊಲೀಸರ ಕಾಟ" ಎಂದ ವ್ಯಾಪಾರಿ. ಆ ಕಾಳಜಿಗೆ ಜಯದೇವಪ್ಪನ ಕಣ್ಣು ತುಂಬಿತು.

ನಿಯಮಗಳನ್ನು ವ್ಯಾಪಾರಿ ಮುಂದಿನ ಸ್ಟೇಷನ್ ಬರುವುದರೊಳಗೆ ಹೇಳಿ ಮುಗಿಸಿದ. ನಲವತ್ತೆಂಟು ದಿನ, ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ, ಎಲ್ಲಿದ್ದರೆ ಅಲ್ಲೇ ಕೂತು ಪಂಚಾಕ್ಷರಿ ಜಪ, ಹನ್ನೊಂದು ಸುತ್ತು. ಜಪ ಮಾಡುವಾಗ ಮಾಲೆ ಯಾರ ಕಣ್ಣಿಗೂ ಬೀಳದಂತೆ ಬಟ್ಟೆಯ ಮರೆಯಲ್ಲಿರಬೇಕು. ಹೆಬ್ಬೆರಳು, ಮಧ್ಯದ ಬೆರಳಿನಿಂದ ಮಾತ್ರ ಮಣಿ ಎಳೆಯಬೇಕು. ತಲೆಯ ಮೇರುಮಣಿ ದಾಟುವಂತಿಲ್ಲ, ಅಲ್ಲಿಗೆ ಬಂದಾಗ ಮಾಲೆಯನ್ನು ತಿರುಗಿಸಿ ಬಂದ ದಾರಿಯಲ್ಲೇ ವಾಪಸ್ಸಾಗಬೇಕು. ನಡುವೆ ಕಣ್ಣು ಬಿಟ್ಟರೆ ಅಥವಾ ಒಂದು ಮಾತು ಆಡಿದರೆ ನಲವತ್ತೆಂಟು ದಿನವೂ ಮೊದಲಿಂದ. ಪೂರ್ತಿ ಮುಗಿಸಿದವನು ಬಾಯಿ ತೆರೆದರೆ ಊರಿಗೆ ಊರೇ ಸುಮ್ಮನಾಗಿ ಕೇಳಬೇಕು.

"ಇನ್ನೊಂದು ವಿಷಯ. ನಲವತ್ತು ದಾಟಿದ ಮೇಲೆ ಯಾವತ್ತಾದರೂ ಒಂದು ದಿನ ಸಿದ್ಧಪುರುಷರು ಬಂದು ನಿಮ್ಮ ಕೈ ಹಿಡಿದು ಪರೀಕ್ಷೆ ಮಾಡುತ್ತಾರೆ. ಹೆದರಬೇಡಿ, ಜಪ ಬಿಡಬೇಡಿ" ಎಂದು ಹೇಳಿ ವ್ಯಾಪಾರಿ ಆ ಸ್ಟೇಷನ್ನಿನಲ್ಲೇ ಇಳಿದುಹೋದ. ನಲವತ್ತನೆಯ ದಿನದ ಹೊತ್ತಿಗೆ ತಾನು ಎಷ್ಟು ದೂರದಲ್ಲಿರುತ್ತೇನೆ ಎಂಬ ಲೆಕ್ಕ ಅವನಿಗೆ ಇದ್ದೇ ಇತ್ತು.

ಪಂಕಜಾಕ್ಷಿಗೆ ಮಾಲೆ ನೋಡಿ ಸಮಾಧಾನವಾಗಲಿಲ್ಲ.

"ಕೊರಳಲ್ಲಿ ಲಿಂಗ ಐತೆ. ಮಠದ ಬುದ್ಧಿಯೋರು ಕೊಟ್ಟ ರುದ್ರಾಕ್ಷಿ ಪೂಜೆ ಗೂಡಲ್ಲಿ ಐತೆ. ಈ ಬಣ್ಣಬಣ್ಣದ್ದು ಯಾಕ್ರೀ?"

"ರುದ್ರಾಕ್ಷಿ ಮೋಕ್ಷಕ್ಕೆ ಕಣೇ. ಇದು ಮಾತಿಗೆ. ನನ್ನ ಮಾತು ಯಾರೂ ಕೇಳಲ್ವಲ್ಲ, ಅದಕ್ಕೆ."

"ನಾನು ಕೇಳಲ್ವಾ?"

"ಈಗ ನಾನು ಏನ್ ಹೇಳ್ದೆ, ಹೇಳು."

"ಒಗ್ಗರಣೆ ಸದ್ದಲ್ಲಿ ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳಿ" ಎಂದಳು ಪಂಕಜಾಕ್ಷಿ. ಜಯದೇವಪ್ಪ ಮರುದಿನವೇ ಜಪಕ್ಕೆ ಕೂತ.

ಅವನ ನಿಷ್ಠೆಯ ಬಗ್ಗೆ ನಾನು ಸಾಕ್ಷಿ ಹೇಳಬಲ್ಲೆ. ಎಂಟೂವರೆಯಾಯಿತೆಂದರೆ ಅಂಗಡಿಯ ಮುಂದೆ ಮಣೆ ಹಾಕಿಕೊಂಡು, ಕಣ್ಣು ಮುಚ್ಚಿ, ಹೆಗಲ ಟವೆಲನ್ನು ಬಲಗೈ ಮೇಲೆ ಹೊದಿಸಿ ಕೂತುಬಿಡುವನು. ಟವೆಲಿನೊಳಗೆ ಬೆರಳು ಒಂದೇ ಸಮ ಆಡುತ್ತಿತ್ತು. ಎದುರು ಮನೆಯ ತಿಮ್ಮಕ್ಕ ನಾಲ್ಕು ದಿನ ನೋಡಿ, ಐದನೆಯ ದಿನ ಪಂಕಜಾಕ್ಷಿಯನ್ನು ಹಿತ್ತಲಿಗೆ ಕರೆದು, "ಹೇಳ್ಕಳಕ್ಕೆ ನಾಚಿಕೆ ಪಡಬ್ಯಾಡ ಕಣವ್ವ, ಕಜ್ಜಿ ಯಾರಿಗೆ ಬರಲ್ಲ, ಬೇವಿನೆಣ್ಣೆ ಹಚ್ಚು" ಎಂದಳು. ಗಿರಾಕಿಗಳು ಬಂದು ಮಾತಾಡಿಸಿ, ಉತ್ತರ ಬಾರದೆ, ತಾವೇ ಟೇಪು ಹಿಡಿದು ಅಳತೆ ತೆಗೆದು ಗೋಡೆಯ ಮೇಲೆ ಬರೆದು ಹೋದರು. ಆ ಒಂದೂವರೆ ತಿಂಗಳಲ್ಲಿ ಹೊಲಿದ ಬಟ್ಟೆಗಳಷ್ಟು ಸರಿಯಾದ ಬಟ್ಟೆಯನ್ನು ಜಯದೇವಪ್ಪ ಹಿಂದೆಂದೂ ಹೊಲಿದಿರಲಿಲ್ಲ.

ನಲವತ್ತೊಂದನೆಯ ದಿನ ಗಿಡ್ಡಿಯ ಹಿಂಗಾಲಿನ ಗೊರಸಿಗೆ ಮುಳ್ಳು ಮುರಿದುಕೊಂಡಿತು. ಪಂಕಜಾಕ್ಷಿಗೆ ಜ್ವರ. ಬೇರೆ ದಾರಿಯಿಲ್ಲದೆ ಗಿಡ್ಡಿಯ ಹಗ್ಗವನ್ನು ಗಂಡನ ಕೈಗೆ ಕೊಟ್ಟು ದನದ ಆಸ್ಪತ್ರೆಗೆ ಕಳಿಸಿದಳು. ಡಾಕ್ಟರು ಮುಳ್ಳನ್ನೇನೋ ತೆಗೆದರು, ಇಂಜೆಕ್ಷನ್ನಿಗೆ ಮಾತ್ರ ಒಂದು ಗಂಟೆ ಕಾಯಬೇಕು ಎಂದರು. ಆವತ್ತು ಸಂತೆ. ಆಸ್ಪತ್ರೆಯ ಪಕ್ಕದಲ್ಲೇ ದನಗಳನ್ನು ಕಟ್ಟುವ ಬಯಲು. ಗಡಿಯಾರ ಎಂಟೂವರೆ ತೋರಿಸುತ್ತಿತ್ತು. ಎಲ್ಲಿದ್ದರೆ ಅಲ್ಲೇ ಎಂದು ನಿಯಮ. ಜಯದೇವಪ್ಪ ಬಯಲಿನ ಅಂಚಿನ ಹೊಂಗೆ ಮರಕ್ಕೆ ಗಿಡ್ಡಿಯನ್ನು ಕಟ್ಟಿ, ಬೇರಿನ ಮೇಲೆ ಕೂತು, ಕೈಮೇಲೆ ಟವೆಲ್ ಹೊದ್ದು ಕಣ್ಣು ಮುಚ್ಚಿದ.

ನಮ್ಮ ಕಡೆಯ ದನದ ವ್ಯಾಪಾರ ನೋಡಿದವರಿಗೆ ಮುಂದಿನದು ಆಗಲೇ ಹೊಳೆದಿರಬೇಕು. ಸಂತೆಯಲ್ಲಿ ದನದ ಬೆಲೆಯನ್ನು ಬಾಯಲ್ಲಿ ಹೇಳುವವನು ದಡ್ಡ. ಮಾರುವವನು ದನದ ಪಕ್ಕ ಸುಮ್ಮನೆ ಕೂರಬೇಕು, ಕೈಮೇಲೆ ಟವೆಲ್ ಹಾಕಿಕೊಳ್ಳಬೇಕು. ದಲ್ಲಾಳಿ ಬಂದು ಟವೆಲಿನೊಳಗೆ ತನ್ನ ಕೈ ತೂರಿಸುತ್ತಾನೆ. ಇಷ್ಟು ಬೆರಳು ಹಿಡಿದರೆ ಇಷ್ಟು ನೂರು. ಒಪ್ಪಿಗೆಯಿಲ್ಲದಿದ್ದರೆ ಮಾರುವವನ ಬೆರಳು ಕದಲುತ್ತದೆ, ಒಪ್ಪಿಗೆಯಿದ್ದರೆ ನಿಲ್ಲುತ್ತದೆ. ಸುತ್ತ ನೂರು ಜನ ನಿಂತಿದ್ದರೂ ಒಬ್ಬರಿಗೂ ಬೆಲೆ ತಿಳಿಯುವುದಿಲ್ಲ. ಹೀಗೆ ಕೈಯಲ್ಲಿ ಕುದುರಿದ ವ್ಯಾಪಾರ ಮುರಿಯುವಂತಿಲ್ಲ.

ಮುಂದೆ ನಡೆದದ್ದನ್ನು ಜಯದೇವಪ್ಪ ಹೇಳಿದ ತುಂಡು, ದಲ್ಲಾಳಿ ಲಕ್ಕಣ್ಣ ಹೇಳಿದ ತುಂಡು ಎರಡನ್ನೂ ಹೊಲಿದು ನಿಮ್ಮ ಮುಂದೆ ಇಡುತ್ತಿದ್ದೇನೆ. ಲಕ್ಕಣ್ಣನ ಹಿಂದೆ ಎಮ್ಮೆ ಕೊಳ್ಳಲು ಬಂದ ಅಜ್ಜಂಪುರದ ಈರುಳ್ಳಿ ಬೆಳೆಗಾರ ರಂಗಯ್ಯ ಇದ್ದ. ಆ ವರ್ಷ ಈರುಳ್ಳಿಗೆ ಒಳ್ಳೆ ಧಾರಣೆ ಸಿಕ್ಕಿ ರಂಗಯ್ಯ ನೆಲಕ್ಕಿಂತ ಒಂದು ಗೇಣು ಮೇಲೆ ನಡೆಯುತ್ತಿದ್ದ. ಜಪ ಮುಗಿಯುತ್ತಾ ಬಂದ ಹೊತ್ತಿಗೆ ಲಕ್ಕಣ್ಣ ಮರದ ಬುಡಕ್ಕೆ ಬಂದು ಟವೆಲಿನೊಳಗೆ ಕೈ ತೂರಿಸಿ ನಾಲ್ಕು ಬೆರಳು ಹಿಡಿದ.

ಜಯದೇವಪ್ಪನಿಗೆ ಮೈಯೆಲ್ಲ ಜುಮ್ಮೆಂದಿತು. ಇವತ್ತು ನಲವತ್ತೊಂದು. ಸಿದ್ಧಪುರುಷರು ಹೇಳಿದ ಹೊತ್ತಿಗೆ ಬಂದೇಬಿಟ್ಟರು. ಅವನು ಪಂಚಾಕ್ಷರಿ ಹೇಳಿಕೊಂಡು ಒಂದು ಮಣಿ ಎಳೆದ.

ಬೆರಳು ಕದಲಿತು. ಸಾಲದು ಎಂದು ಲಕ್ಕಣ್ಣ ಐದು ಬೆರಳು ಹಿಡಿದ. ಇನ್ನೊಂದು ಮಣಿ. ಲಕ್ಕಣ್ಣ ಕೈ ಬಿಟ್ಟು ಮತ್ತೊಂದು ಬೆರಳು ಒತ್ತಿ ಆರಕ್ಕೆ ಏರಿದ. ಮತ್ತೊಂದು ಮಣಿ.

"ಏನಂತೆ?" ಎಂದ ರಂಗಯ್ಯ.

"ಇಳೀತಿಲ್ಲ ಗೌಡ್ರೆ, ಏರ್ತಾನೇ ಅವ್ರೆ. ಭಾರಿ ಕುಳ. ಉಂಗುರ ಎಷ್ಟು ಅಂತೀರ, ಬೆರಳಿಗೆ ಹತ್ತತ್ತು ಇದ್ದಂಗವೆ."

ಜನ ಸೇರಿದರು. ಜಯದೇವಪ್ಪನ ಮುಚ್ಚಿದ ಕಣ್ಣಿನಿಂದ ಧಾರಾಕಾರ ನೀರು. ಸಿದ್ಧರ ಸ್ಪರ್ಶ ಯಾರಿಗೆ ತಾನೆ ಸಿಗುತ್ತದೆ? ಲಕ್ಕಣ್ಣ ಅದನ್ನು ನೋಡಿ ರಂಗಯ್ಯನ ಕಿವಿಯಲ್ಲಿ, "ಎಮ್ಮೆ ಅಗಲೋದಕ್ಕೆ ಅಳ್ತಾವ್ರೆ. ಮೂವತ್ತು ವರ್ಷದಿಂದ ದಲ್ಲಾಳಿ ನಾನು, ಮಾರೋನು ಅತ್ತಿದ್ದು ನೋಡಿಲ್ಲ. ಇದು ಸಾಮಾನ್ಯದ ಎಮ್ಮೆ ಅಲ್ಲ" ಎಂದ. ರಂಗಯ್ಯ ಗಿಡ್ಡಿಯ ಕಡೆ ನೋಡಿದ. ಗಿಡ್ಡಿ ಅವನ ಕಡೆ ನೋಡಿ ಮುಖ ತಿರುಗಿಸಿತು. ಆ ಗತ್ತಿಗೆ ರಂಗಯ್ಯ ಸೋತುಹೋದ. "ಹಿಡಿ, ಇನ್ನೂ ಹಿಡಿ" ಎಂದ.

ಒಂದು ಜೋಡಿ ಎತ್ತಿನ ಬೆಲೆಗೆ ಬಂದು ನಿಂತಾಗ ಜಯದೇವಪ್ಪನ ಕೊನೆಯ ಸುತ್ತು ಮುಗಿದು ಮೇರುಮಣಿ ಬಂತು. ಬೆರಳು ನಿಂತಿತು. ಅವನು ಟವೆಲ್ ಸಮೇತ ಎರಡು ಕೈಯನ್ನೂ ಎತ್ತಿ ಕಣ್ಣಿಗೊತ್ತಿಕೊಂಡು ನಮಸ್ಕಾರ ಮಾಡಿ, ಕಣ್ಣು ಮುಚ್ಚಿಯೇ ಸಿದ್ಧರನ್ನು ಧ್ಯಾನಿಸುತ್ತಾ ಕೂತ. ಸಂತೆಯೇ ಉಸಿರು ಬಿಟ್ಟಿತು. ರಂಗಯ್ಯ ನೋಟಿನ ಕಟ್ಟನ್ನು ಅವನ ಮಡಿಲಲ್ಲಿಟ್ಟ. ಮಾರಿದ ದನದ ಹಗ್ಗ ಮಾರಿದವನಿಗೇ ಸೇರಬೇಕೆಂಬ ಪದ್ಧತಿ. ಲಕ್ಕಣ್ಣ ಅದನ್ನೂ ಬಿಚ್ಚಿ ಸುತ್ತಿ ಮಡಿಲಲ್ಲಿಟ್ಟು, ಹೊಸ ಹಗ್ಗ ಹಾಕಿ ಗಿಡ್ಡಿಯನ್ನು ಅಜ್ಜಂಪುರದ ಲಾರಿಗೆ ಹತ್ತಿಸಿದ.

ಜಯದೇವಪ್ಪ ಮನೆಗೆ ಬಂದಾಗ ನಾನು ಅಲ್ಲೇ ಇದ್ದೆ. ಅವನ ಮುಖ ಬೆಳಗುತ್ತಿತ್ತು.

"ಗಿಡ್ಡಿ ಎಲ್ರೀ?" ಎಂದಳು ಪಂಕಜಾಕ್ಷಿ, ಕಂಬಳಿ ಹೊದ್ದುಕೊಂಡೇ ಎದ್ದು ಬಂದು.

"ಸಿದ್ಧರು ಬಂದಿದ್ರು ಕಣೇ. ಕೈ ಹಿಡ್ಕಂಡ್ರು. ಎಷ್ಟು ಗಟ್ಟಿ ಕೈ ಅಂತೀಯ."

"ಗಿಡ್ಡಿ ಎಲ್ರೀ?"

"ಕಣ್ಣು ಬಿಟ್ಟಾಗ ಇರ್ಲಿಲ್ಲ. ಕೈಲಾಸಕ್ಕೇ ಕರ್ಕಂಡು ಹೋಗಿರ್ಬೇಕು. ನೋಡು, ಪ್ರಸಾದ ಕೊಟ್ಟವ್ರೆ" ಎಂದು ನೋಟಿನ ಕಟ್ಟನ್ನೂ ಹಗ್ಗವನ್ನೂ ಮುಂದಿಟ್ಟ.

ಪಂಕಜಾಕ್ಷಿ ನೋಟು ಮುಟ್ಟಲಿಲ್ಲ. ಹಗ್ಗವನ್ನು ಎತ್ತಿಕೊಂಡು ಮೂಸಿ ನೋಡಿದಳು. ಯಗಟಿಯವರಿಗೆ ದನದ ಸಂತೆ ಗೊತ್ತಿಲ್ಲದ್ದೇನಲ್ಲ. ಮಡಿಲಿಗೆ ಹಗ್ಗ ಬಂದಿದೆಯೆಂದರೆ ಅರ್ಥವೇನೆಂದು ಅವಳಿಗೆ ಒಂದೇ ಕ್ಷಣಕ್ಕೆ ಗೊತ್ತಾಯಿತು. ಗೋಡೆಗೆ ಒರಗಿ ನಿಂತಳು.

"ನೀವು ದಿನಾ ಒಂದು ಗಂಟೆ ಮಾತು ಬಿಟ್ಟು ನನ್ ಗಿಡ್ಡೀನ ಕಳ್ದ್ರಿ. ಗಿಡ್ಡಿ ವಾಪಸ್ ಈ ಮನೆಗೆ ಬರೋ ತನಕ ನಾನೂ ಮಾತು ಬಿಟ್ಟಿದೀನಿ" ಎಂದಳು. ಅಷ್ಟೇ. ಆಮೇಲೆ ಅವಳ ಬಾಯಿಂದ ಒಂದು ಮಾತಿಲ್ಲ. ಒಗ್ಗರಣೆಯ ಸದ್ದು ಬಿಟ್ಟರೆ ಆ ಮನೆಯಲ್ಲಿ ಬೇರೆ ಸದ್ದಿಲ್ಲ. ತನ್ನ ಮಾತು ಯಾರೂ ಕೇಳುವುದಿಲ್ಲವೆಂದು ಕೊರಗುತ್ತಿದ್ದವನಿಗೆ ಕೇಳಲು ಮಾತೇ ಇಲ್ಲದಂತಾಯಿತು. ಜಯದೇವಪ್ಪ ನನ್ನ ಅಂಗಡಿಗೆ ಬಂದು ಟ್ಯೂಬು ಮುಳುಗಿಸುವ ನೀರಿನ ಬಾಣಲೆಯ ಮುಂದೆ ಕೂತು ಅತ್ತ.

ವಿಚಾರಿಸಿಕೊಂಡು ಮೂರನೆಯ ದಿನ ಮಧ್ಯಾಹ್ನ ಇಬ್ಬರೂ ಅಜ್ಜಂಪುರಕ್ಕೆ ಹೋದೆವು. ರಂಗಯ್ಯನ ಮನೆ ಹುಡುಕುವುದು ಕಷ್ಟವಾಗಲಿಲ್ಲ, ರಸ್ತೆಯವರೆಗೂ ಜನ. ಗಿಡ್ಡಿ ಜಗಲಿಯ ಮೇಲೆ ನಿಂತಿತ್ತು. ಕೊರಳಿಗೆ ಚೆಂಡುಹೂವಿನ ಹಾರ, ಹಣೆಗೆ ಕುಂಕುಮ. ಅಷ್ಟು ಬೆಲೆ ಕೊಟ್ಟ ಮೇಲೆ ಅದಕ್ಕೆ ತಕ್ಕ ಎಮ್ಮೆಯನ್ನು ರಂಗಯ್ಯ ಬಾಯಲ್ಲಾದರೂ ಕಟ್ಟಬೇಕಲ್ಲ.

"ಹೊತ್ತಿಗೆ ಹನ್ನೆರಡು ಸೇರು" ಎನ್ನುತ್ತಿದ್ದ ಬಂದವರಿಗೆಲ್ಲ. ಆ ಹನ್ನೆರಡು ಸೇರು ಹಿತ್ತಲ ಬಾಗಿಲಿನಿಂದ ಕ್ಯಾನಿನಲ್ಲಿ ಬರುತ್ತಿದ್ದುದನ್ನು ನಾನು ನೋಡಿದೆ. ಗಿಡ್ಡಿ ಬಂದಾಗಿನಿಂದ ಒಂದು ತೊಟ್ಟು ಬಿಟ್ಟಿರಲಿಲ್ಲ. ಸೊರಗಿತ್ತು, ಪಾಪ.

ಜಯದೇವಪ್ಪ ಕೈ ಮುಗಿದು, "ರಂಗಯ್ಯನೋರೆ, ನಿಮ್ ದುಡ್ಡು ಹಂಗೇ ಐತೆ, ಎಮ್ಮೆ ಕೊಡಿ. ಅವತ್ತು ನಾನು ವ್ಯಾಪಾರ ಮಾಡ್ತಿರ್ಲಿಲ್ಲ. ಜಪ ಮಾಡ್ತಿದ್ದೆ" ಎಂದ.

ಕೇಳುವವರು ಯಾರು? ರಂಗಯ್ಯ ಜನರ ಕಡೆ ತಿರುಗಿ, "ನೋಡ್ರಪ್ಪ, ಮಾರಿದೋನೇ ಹೊಟ್ಟೆ ಉರ್ಕಂಡು ಓಡಿ ಬಂದವ್ನೆ. ಎಂಥಾ ಎಮ್ಮೆ ಇರ್ಬೇಕು" ಎಂದ.

"ಅಯ್ಯೋ, ಅದು ಮೂರು ಸೇರಿನ ಎಮ್ಮೆ ಕಣ್ರೀ."

"ವಾಪಸ್ ಹೊಡ್ಕಳಕ್ಕೆ ಕಮ್ಮಿ ಮಾಡಿ ಹೇಳ್ತಾವ್ನೆ" ಎಂದಿತು ಜನ.

"ಒದೀತದೆ."

"ಜಾತಿ ಎಮ್ಮೆ ಅಂದ್ರೆ ಒದೀಲೇಬೇಕು" ಎಂದ ಯಾರೋ ಮುದುಕ. ಜಯದೇವಪ್ಪ ಬಾಯಿ ಬಿಟ್ಟಷ್ಟೂ ಎಮ್ಮೆಯ ಬೆಲೆ ಏರುತ್ತಿತ್ತು. ನಾನು ಅವನ ಅಂಗಿ ಹಿಡಿದು ಜಗ್ಗಿದೆ.

ಅಷ್ಟರಲ್ಲಿ ಒಂದು ಜೀಪು ಬಂದು ನಿಂತಿತು. ಬ್ಲಾಕಿನ ಸಾಹೇಬರು. ಹನ್ನೆರಡು ಸೇರಿನ ಸುದ್ದಿ ಅವರ ಆಫೀಸಿಗೂ ಮುಟ್ಟಿತ್ತು. ಗಿಡ್ಡಿಯ ಸುತ್ತ ಎರಡು ಸುತ್ತು ಬಂದು, ಫಾರಂ ತೆಗೆದು, "ಭಾನುವಾರ ಕಡೂರಿನಲ್ಲಿ ಹಾಲು ಕರೆಯುವ ಸ್ಪರ್ಧೆ ಇದೆ. ಇದನ್ನು ತರಲೇಬೇಕು. ಎಲ್ಲರೆದುರು ಕರೆದು ಅಳೆಯೋದು. ಹೆಸರು ಬರ್ಕೊಂಡಿದ್ದೀನಿ" ಎಂದರು. ರಂಗಯ್ಯನ ಮುಖ ಬಿಳಿಚಿಕೊಂಡಿತು. ಬೇಡ ಎನ್ನುವಂತಿರಲಿಲ್ಲ, ಸುತ್ತ ಜನ ಚಪ್ಪಾಳೆ ತಟ್ಟುತ್ತಿದ್ದರು.

ಭಾನುವಾರವೇ ಜಯದೇವಪ್ಪನ ನಲವತ್ತೆಂಟನೆಯ ದಿನ.

ನೋಟಿನ ಕಟ್ಟನ್ನು ನನ್ನ ಚೀಲದಲ್ಲಿಟ್ಟುಕೊಂಡು ಪಂಕಜಾಕ್ಷಿಯೂ ಸೇರಿ ಮೂವರೂ ಮೊದಲ ಬಸ್ಸಿಗೆ ಕಡೂರಿಗೆ ಹೋದೆವು. ಶಾಲೆಯ ಮೈದಾನದಲ್ಲಿ ಶಾಮಿಯಾನ, ಕುರ್ಚಿ, ಹಗ್ಗ ಕಟ್ಟಿದ ಅಂಗಳ. ಹಾಲು ಬೀಳುವ ಸದ್ದು ಇಡೀ ಕಡೂರಿಗೆ ಕೇಳಲಿ ಎಂದು ಸಾಹೇಬರು ಬಕೆಟ್ಟಿನ ಪಕ್ಕದಲ್ಲೇ ಒಂದು ಮೈಕು ನಿಲ್ಲಿಸಿದ್ದರು. ಸಾಹೇಬರ ತಲೆಗೆ ಇಂಥವು ಆಗಾಗ ಹೊಳೆಯುತ್ತಿದ್ದವು. ಎಂಟಕ್ಕೆ ಎಂದದ್ದು ಎಂಟೂವರೆಯಾಯಿತು. ಜಯದೇವಪ್ಪ ನಮ್ಮ ಕಡೆ ದೀನವಾಗಿ ನೋಡಿ, ಹಗ್ಗದ ಪಕ್ಕ ಒಂದು ಇಟ್ಟಿಗೆಯ ಮೇಲೆ ಕೂತು, ಟವೆಲ್ ಹೊದ್ದು ಕಣ್ಣು ಮುಚ್ಚಿದ. ಇದೊಂದು ದಿನ ಮುಗಿದರೆ ತನ್ನ ಮಾತಿಗೆ ಬೆಲೆ ಬರುತ್ತದೆ, ಆಮೇಲೆ ಕೇಳಿದರೆ ರಂಗಯ್ಯ ಎಮ್ಮೆ ಕೊಡದೆ ಇರಲಾರ ಎಂದು ಅವನು ಬಸ್ಸಿನಲ್ಲಿ ನನಗೆ ಹೇಳಿದ್ದ. ಪಂಕಜಾಕ್ಷಿ ಅವನ ಕಡೆ ನೋಡಲಿಲ್ಲ, ಗಿಡ್ಡಿಯನ್ನೇ ನೋಡುತ್ತಿದ್ದಳು. ಮಾತು ಬಿಟ್ಟು ಅವಳಿಗೆ ಏಳನೆಯ ದಿನ.

ಬೇರೆ ಎಮ್ಮೆಗಳದೆಲ್ಲ ಆದ ಮೇಲೆ ಗಿಡ್ಡಿಯ ಸರದಿ ಬಂತು. ರಂಗಯ್ಯನ ಆಳು ಹನುಮಂತಪ್ಪ ಕೆಚ್ಚಲಿಗೆ ಕೈ ಹಾಕಿದ್ದೇ ತಡ, ಬಕೆಟ್ಟು ಹಾರಿ ಸಾಹೇಬರ ಕುರ್ಚಿಯ ಪಕ್ಕ ಬಿತ್ತು. ಹನುಮಂತಪ್ಪ ಇನ್ನೊಂದು ಪಕ್ಕ ಬಿದ್ದ. ರಂಗಯ್ಯನ ಹೆಂಡತಿ ಕಾಂತಮ್ಮ ಹೊಸ ಸೀರೆ ಎತ್ತಿ ಕಟ್ಟಿ ಬಂದಳು. ಗಿಡ್ಡಿ ಮಲಗಿಬಿಟ್ಟಿತು. "ಈಗ ಎಮ್ಮೆ ಮಲಗಿದೆ" ಎಂದು ಮೈಕಿನಲ್ಲಿ ಘೋಷಣೆಯಾಯಿತು.

ಆಗ ಪಂಕಜಾಕ್ಷಿ ಹಗ್ಗದ ಕೆಳಗೆ ನುಸುಳಿ ಒಳಗೆ ಹೋದಳು. ಯಾರನ್ನೂ ಕೇಳಲಿಲ್ಲ. ಗಿಡ್ಡಿಯ ಕಿವಿಯ ಹಿಂದೆ ಕೆರೆದಳು. ಗಿಡ್ಡಿ ಎದ್ದು ನಿಂತು ಅವಳ ತೋಳು ನೆಕ್ಕಿತು. ಅವಳು ಬಕೆಟ್ಟು ಎಳೆದುಕೊಂಡು ಕೂತಳು. ಮನುಷ್ಯರ ಜೊತೆ ತಾನೆ ಅವಳು ಮಾತು ಬಿಟ್ಟಿದ್ದು. ಪಕ್ಕದಲ್ಲಿರುವ ಕಬ್ಬಿಣದ ಕೋಲು ಮೈಕು ಎಂಬುದೂ ಅವಳಿಗೆ ಹೊಳೆಯಲಿಲ್ಲ.

"ಏನೇ ಗಿಡ್ಡಿ, ಹಿಂಗ್ ಸೊರಗಿದೀಯಲ್ಲೇ" ಎಂದಿತು ಮೈದಾನದ ನಾಲ್ಕು ಮೂಲೆಯ ಲೌಡ್‌ಸ್ಪೀಕರು. "ನಂಗೆ ಜ್ವರ ಬಂದಿದ್ದೇ ತಪ್ಪಾಯ್ತು ಕಣೇ. ನಮ್ಮನೇರು ಬೇಕಂತ ಮಾಡಿದ್ದಲ್ಲ. ಟವೆಲ್ ಒಳಗೆ ಮಣಿ ಎಣಿಸ್ತಾ ಕೂತಿದ್ರು, ಯಾವನೋ ದಲ್ಲಾಳಿ ಬಂದು ಕೈ ತೂರ್ಸಿದ್ನಂತೆ. ಇವ್ರು ಸಿದ್ಧರು ಅಂದ್ಕಂಡ್ರು, ಅವನು ಬೆಲೆ ಅಂದ್ಕಂಡ. ಇಬ್ರ ಮಧ್ಯ ನೀನು ಹೋದೆ."

ಹಾಲು ಚೊರ್ರೆಂದು ಬೀಳತೊಡಗಿತು.

"ಮಾತು ಬಿಟ್ಟು ಬಾಯೆಲ್ಲ ಕಹಿಯಾಗೈತೆ ಕಣೇ. ಬಡಿಸೋವಾಗ ಉಪ್ಪು ಸಾಕಾ ಅಂತ ಕೇಳಂಗಿಲ್ಲ. ಮೂರು ದಿನ ಸಾರಿಗೆ ಉಪ್ಪೇ ಹಾಕಿಲ್ಲ ನಾನು, ಮರ್ತು. ಸುಮ್ನೆ ತಿಂದ್ರು. ಬೇರೆ ಗಂಡಸಾಗಿದ್ರೆ ತಟ್ಟೆ ಎಸೀತಿದ್ದ. ನಂಗೆ ನೀನೂ ಬೇಕು ಕಣೇ, ಅವರೂ ಬೇಕು. ಏನ್ ಮಾಡ್ಲಿ ಹೇಳು."

ಬಸ್‌ಸ್ಟ್ಯಾಂಡಿನಲ್ಲಿದ್ದವರು ಸಹ ನಿಂತು ಕೇಳಿದರಂತೆ. ನಾನು ಜಯದೇವಪ್ಪನ ಕಡೆ ನೋಡಿದೆ. ಕಣ್ಣು ಮುಚ್ಚಿಯೇ ಇತ್ತು. ಟವೆಲಿನೊಳಗೆ ಬೆರಳು ಮಾತ್ರ ತಡವರಿಸುತ್ತಿತ್ತು.

ಸಾಹೇಬರು ಅಳೆದು ಘೋಷಿಸಿದರು: ಮೂರು ಸೇರು, ಒಂದು ಪಾವು. ಮೈದಾನ ನಗತೊಡಗಿತು. ಹನ್ನೆರಡು ಸೇರು ಎಲ್ಲಿ ಹೋಯ್ತು ಎಂದು ಯಾರೋ ಕೂಗಿದರು. ರಂಗಯ್ಯ ಸ್ಪರ್ಧೆ ನೋಡಲು ಬಂದಿದ್ದ ಲಕ್ಕಣ್ಣನನ್ನು ಎಳೆದುಕೊಂಡು ಅಂಗಳದೊಳಕ್ಕೆ ಬಂದ.

"ಈಗಿಂದೀಗಲೇ ಇದನ್ನ ಯಾರಿಗಾದ್ರೂ ಕೊಟ್ಟು ಸಾಗಹಾಕು. ಎಷ್ಟಕ್ಕಾದ್ರೂ ಆಗ್ಲಿ."

"ಆ ತರೀಕೆರೆಯೋರಿಗೇ ಕೊಡಾಣ ಗೌಡ್ರೆ, ದುಡ್ಡು ವಾಪಸ್ ಕೊಡ್ತಾರೆ" ಎಂದ ಲಕ್ಕಣ್ಣ.

"ಮಾರಿದೋನಿಗೇ ವಾಪಸ್ ಕೊಟ್ರೆ ಮೋಸ ಹೋದೆ ಅಂತ ನಾನೇ ಒಪ್ಕಂಡಂಗೆ. ಅವರಿಗೆ ಮಾತ್ರ ಬ್ಯಾಡ."

ಲಕ್ಕವಳ್ಳಿಯ ಕಂಟ್ರಾಕ್ಟರ್ ಒಬ್ಬ ಅಲ್ಲೇ ನಿಂತಿದ್ದ. ಲಕ್ಕಣ್ಣ ಟವೆಲ್ ಬಿಡಿಸಿ ಅವನ ಕೈಮೇಲೆ ಹಾಕಿದ. ಪಂಕಜಾಕ್ಷಿ ಗಿಡ್ಡಿಯ ಕೊರಳು ತಬ್ಬಿಕೊಂಡು ಗಂಡನ ಕಡೆ ತಿರುಗಿ ನೋಡಿದಳು. ಅವಳಿಗೆ ಮಾತಿಲ್ಲ, ಅವನಿಗೆ ಕಣ್ಣಿಲ್ಲ.

ಆದರೆ ಕಿವಿಯಿತ್ತು. ಎಲ್ಲವೂ ಮೈಕಿನಲ್ಲಿ ಬರುತ್ತಿತ್ತಲ್ಲ. ಹನ್ನೊಂದನೆಯ ಸುತ್ತಿನಲ್ಲಿ ಅವನಿಗೆ ಇನ್ನು ಮೂರೇ ಮಣಿ ಬಾಕಿ. ಮೂರು ಮಣಿ ಎಳೆಯಲು ಎಷ್ಟು ಹೊತ್ತು? ಲಕ್ಕಣ್ಣನ ಕೈ ಮೂರು ಸಲ ಒತ್ತಲೂ ಅಷ್ಟೇ ಹೊತ್ತು ಸಾಕು. ನಲವತ್ತೆಂಟು ದಿನ ಕಜ್ಜಿಯವನೆನ್ನಿಸಿಕೊಂಡು ಕೂತ ಮನುಷ್ಯ, ಮೂರು ಮಣಿ ಉಳಿದಿರುವಾಗ ಕಣ್ಣು ಬಿಟ್ಟ. ಹಗ್ಗ ದಾಟಿ ಬಂದ.

"ಲಕ್ಕಣ್ಣ, ಕೈ ತೆಗಿ" ಎಂದ.

ಲಕ್ಕಣ್ಣ ಕೈ ತೆಗೆದ. ಜಯದೇವಪ್ಪ ಟವೆಲಿನೊಳಗಿನ ಮಾಲೆಯನ್ನು ಹೊರಗೆ ತೆಗೆದು ಎಲ್ಲರ ಕಣ್ಣೆದುರು ಎತ್ತಿ ಹಿಡಿದ. ಆ ನಿಯಮವೂ ಮುರಿಯಿತು.

"ಅವತ್ತು ಟವೆಲ್ ಒಳಗೆ ಇದ್ದಿದ್ದು ಇದು. ನೀನು ನೂರು ಏರಿಸ್ದಾಗೆಲ್ಲ ನಾನು ಶಿವಶಿವಾ ಅಂತಿದ್ದೆ. ಎಮ್ಮೆ ನಂದಲ್ಲ, ನಮ್ ಪಂಕಜಂದು. ನಂದಲ್ಲದ್ದನ್ನ ಕಣ್ಣು ಮುಚ್ಕಂಡು ಹೆಂಗ್ ಮಾರ್ಲಿ? ರಂಗಯ್ಯನೋರೆ, ಕೊಟ್ಬಿಡಿ."

ಮೈದಾನದಲ್ಲಿ ಒಂದು ಸದ್ದಿಲ್ಲ. ಜೀವಮಾನದಲ್ಲಿ ಮೊದಲ ಸಲ ಜಯದೇವಪ್ಪ ಮಾತಾಡಿದ್ದನ್ನು ಸಾವಿರ ಜನ ಕೇಳಿದ್ದರು. ಇದು ಜಪದ ಫಲವೋ ಮೈಕಿನ ಫಲವೋ ಎಂದು ನಮ್ಮೂರಿನಲ್ಲಿ ಇಂದಿಗೂ ವಾದವಿದೆ.

ಲಕ್ಕಣ್ಣ ಮಾಲೆಯನ್ನು ಮುಟ್ಟಿ ನೋಡಿ, ತನ್ನ ಬಲಗೈ ಬೆರಳುಗಳನ್ನು ಎತ್ತಿ ತೋರಿಸಿದ. ಹಸಿರು, ಕೆಂಪು, ನೀಲಿ. "ಅವತ್ತಿಂದ ಸೋಪು ಹಾಕಿ ಉಜ್ತಾ ಇದೀನಿ, ಹೋಗ್ತಿಲ್ಲ. ಯಾವ್ದೋ ರೋಗ ಅಂದ್ಕಂಡು ಆಸ್ಪತ್ರೆಗೂ ಹೋಗಿ ಬಂದೆ" ಎಂದ. ಆಮೇಲೆ ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟ. "ಸಂತೆ ಕಟ್ಟಳೆ ಏನಪ್ಪಾ ಅಂದ್ರೆ, ಟವೆಲ್ ಒಳಗೆ ಇಬ್ಬರ ಬೆರಳು ಮಾತ್ರ ಇರ್ಬೇಕು. ಅಲ್ಲಿ ಮೂರನೇರು ಇದ್ರೆ ವ್ಯಾಪಾರ ಆಗಂಗಿಲ್ಲ. ಅವತ್ತು ಒಳಗೆ ಶಿವ ಇದ್ದ. ಆ ವ್ಯಾಪಾರ ಬಿದ್ದೋಯ್ತು."

ರಂಗಯ್ಯ ಯೋಚಿಸಿದ. "ಹಂಗಾರೆ ನಾನು ಮೋಸ ಹೋಗಿಲ್ಲ ಅಲ್ವಾ?"

"ಎಲ್ಲಿ ಹೋದ್ರಿ ಗೌಡ್ರೆ? ನೀವು ಚೌಕಾಸಿ ಮಾಡಿದ್ದು ಸಾಕ್ಷಾತ್ ಪರಮೇಶ್ವರನ ಜೊತೆ. ಅವನ ಹತ್ರ ಯಾರು ಗೆದ್ದವ್ರೆ?"

ರಂಗಯ್ಯನ ಎದೆ ಮತ್ತೆ ಉಬ್ಬಿತು. ನಾನು ಚೀಲದಿಂದ ನೋಟಿನ ಕಟ್ಟು ತೆಗೆದುಕೊಟ್ಟೆ. ಅವನು ಎಣಿಸದೆ ಜೇಬಿಗಿಟ್ಟು, ಸಾಹೇಬರ ಪಕ್ಕದ ಕುರ್ಚಿಯಲ್ಲಿ ಕೂತು, ಪರಮೇಶ್ವರ ಎಷ್ಟು ಗಟ್ಟಿ ವ್ಯಾಪಾರಿ ಎಂಬುದನ್ನು ಹೇಳತೊಡಗಿದ.

ತರೀಕೆರೆಗೆ ಹೊರಟಿದ್ದ ಖಾಲಿ ಲಾರಿಯೊಂದು ಸಿಕ್ಕಿತು. ಗಿಡ್ಡಿ, ಅವರಿಬ್ಬರು, ನಾನು ಹಿಂದುಗಡೆ ಹತ್ತಿದೆವು. ಬೀರೂರು ದಾಟಿದರೂ ಯಾರೂ ಮಾತಾಡಲಿಲ್ಲ. ಗಿಡ್ಡಿ ಮನೆಗೆ ಬರುವ ತನಕ ಎಂದು ಪಂಕಜಾಕ್ಷಿಯ ಶಪಥ, ಮನೆ ಇನ್ನೂ ದೂರವಿತ್ತು. ಜಯದೇವಪ್ಪ ಮಾಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಾ ಕೂತಿದ್ದ.

"ಮೂರೇ ಮೂರು ಮಣಿ ಕಣಪ್ಪ" ಎಂದ ನನಗೆ. "ಇನ್ನು ಮೊದಲಿಂದ ಕೂರೋ ಶಕ್ತಿ ನನಗಿಲ್ಲ."

ಪಂಕಜಾಕ್ಷಿ ಕೈ ಚಾಚಿ ಮಾಲೆ ಕಿತ್ತುಕೊಂಡಳು. "ಎಲ್ಲಿಗೆ ನಿಂತಿತ್ತು, ತೋರಿಸಿ" ಎಂದಳು. ಏಳು ದಿನದ ಮೇಲೆ ಅವನ ಜೊತೆ ಆಡಿದ ಮೊದಲ ಮಾತು ಅದು. ಅವನು ಬೆರಳಿಟ್ಟು ತೋರಿಸಿದ.

ಅವಳು ಸೆರಗಿನ ಮರೆ ಮಾಡಿಕೊಂಡು ಒಂದು ಮಣಿ ಎಳೆದಳು. "ಗಿಡ್ಡಿ" ಎಂದಳು. ಗಿಡ್ಡಿ ಕಿವಿ ಅಲ್ಲಾಡಿಸಿತು. ಇನ್ನೊಂದು ಎಳೆದಳು. "ಗಿಡ್ಡಿ" ಎಂದಳು.

ಮೂರನೆಯದಕ್ಕೆ ತಡೆದಳು. ರೇಷನ್ ಕಾರ್ಡಿನವರು ಬಂದು ಯಜಮಾನರ ಹೆಸರು ಕೇಳಿದಾಗ, ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂದು ನನ್ನನ್ನು ಅಂಗಡಿಯಿಂದ ಕೂಗಿ ಕರೆಸಿ ಹೇಳಿಸಿದ ಹೆಂಗಸು ಅವಳು. ಲಾರಿಯ ಸದ್ದಿನಲ್ಲಿ ಕೇಳಿಸಲಿಕ್ಕಿಲ್ಲ ಎಂದುಕೊಂಡಳೋ ಏನೋ, ತಲೆ ತಗ್ಗಿಸಿ ಕೊನೆಯ ಮಣಿ ಎಳೆದಳು.

"ಜಯದೇವಪ್ಪ" ಎಂದಳು.

"ಏನೇ?" ಎಂದ ಜಯದೇವಪ್ಪ.